ಮಾತ್ರೆಗೆ ಭಾಷೆ ಬೇಡ, ಮಾತಿಗೆ ಬೇಕು



ಕಳೆದ ತಿಂಗಳು ಕನ್ನಡ ಪೂಜೆ ಮುಗಿದ ಮೇಲೆ ನಡೆದ ಯುವಜನರ ಕೂಟದಲ್ಲಿ, ಕಾಲೇಜಿಗೆ ಹೋಗುವ ತಂಗಿಯೊಬ್ಬಳು ಎದ್ದು ನಿಂತು ಒಂದು ಪ್ರಶ್ನೆ ಕೇಳಿದಳು. “ಈಗೀಗ ಮನಸ್ಸು ಸರಿಯಿಲ್ಲ ಅಂತ ಡಾಕ್ಟರ ಹತ್ತಿರ ಹೋದರೆ ತಕ್ಷಣ ಮಾತ್ರೆ ಬರೆದು ಕೊಡ್ತಾರೆ. ಕೂತು ಮಾತಾಡಿಸೋರು ಯಾರೂ ಇಲ್ಲ. ಇದು ಸರಿಯಾ?” ಪಕ್ಕದಲ್ಲಿದ್ದ ಹುಡುಗ, “ಆ ಮಾತ್ರೆ ಒಂದು ಸಲ ಶುರು ಮಾಡಿದರೆ ಸಾಯೋವರೆಗೂ ಬಿಡೋಕಾಗಲ್ಲವಂತೆ” ಎಂದ. ಹಿಂದಿನ ಬೆಂಚಿನಿಂದ ಇನ್ನೊಬ್ಬ, “ನಮ್ಮ ಮಾವ ಬದುಕಿರೋದೇ ಆ ಮಾತ್ರೆಯಿಂದ” ಎಂದ. ಅರ್ಧ ಗಂಟೆ ಮಾತಾಡಿದರೂ ತೀರ್ಮಾನಕ್ಕೆ ಬರಲಾಗಲಿಲ್ಲ. ಯೋಚನೆ ಮಾಡಿ ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದು ಹೇಳಿ ಕೂಟ ಮುಗಿಸಿದೆ.

ಬರೆಯಲು ಕೂತಾಗ ನನ್ನದೇ ಒಂದು ತಪ್ಪು ನೆನಪಿಗೆ ಬಂತು. ಅದನ್ನು ಹೇಳದೆ ಈ ಪ್ರಶ್ನೆಗೆ ಉತ್ತರ ಕೊಡುವುದು ಪ್ರಾಮಾಣಿಕವಾಗುವುದಿಲ್ಲ. ಸಂಬಂಧಪಟ್ಟ ದೊಡ್ಡಮ್ಮನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು ಬೇಡ.

ಎರಡು ವರ್ಷದ ಹಿಂದೆ ಆ ದೊಡ್ಡಮ್ಮ ಪೂಜೆಗೆ ಬರುವುದನ್ನು ನಿಲ್ಲಿಸಿದರು. ಊಟ ಸೇರುತ್ತಿರಲಿಲ್ಲ, ನಿದ್ದೆ ಇರಲಿಲ್ಲ. ಮಗನಿಗೆ ಹೊಸೂರಿನ ಕಾರ್ಖಾನೆಯಲ್ಲಿ ನೈಟ್ ಶಿಫ್ಟ್. “ಸ್ವಲ್ಪ ನಮ್ಮ ಅಮ್ಮನ್ನ ಡಾಕ್ಟರ ಹತ್ತಿರ ಕರಕೊಂಡು ಹೋಗಿ ಬಾ. ಅಲ್ಲಿ ತಮಿಳಲ್ಲಿ ಕೇಳ್ತಾರೆ, ಅಮ್ಮನಿಗೆ ಹೇಳೋಕೆ ಬರಲ್ಲ” ಎಂದು ನನ್ನನ್ನು ಕೇಳಿಕೊಂಡರು. ದೊಡ್ಡಮ್ಮನಿಗೆ ತಮಿಳು ಬರುವುದಿಲ್ಲ ಎಂದಲ್ಲ. ಸಂತೆಯಲ್ಲಿ ಟೊಮೆಟೊ ಮಾರುವಷ್ಟು, ಬಸ್ಸಿನಲ್ಲಿ ಟಿಕೆಟ್ ಕೇಳುವಷ್ಟು ಬರುತ್ತದೆ. ನಮ್ಮಲ್ಲಿ ಅನೇಕರ ತಮಿಳು ಅಷ್ಟೇ. ಅದು ವ್ಯವಹಾರದ ತಮಿಳು, ಒಳಗಿನ ಸಂಕಟ ಹೇಳಿಕೊಳ್ಳುವ ತಮಿಳಲ್ಲ.

ಡಾಕ್ಟರು ಒಳ್ಳೆಯವರೇ. ಹೊರಗೆ ಬೆಂಚಿನ ಮೇಲೆ ಐವತ್ತು ಅರವತ್ತು ಜನ ಕಾಯುತ್ತಿದ್ದರು. “ಎನ್ನಮ್ಮಾ ಪಣ್ಣುದು?” ಎಂದು ಕೇಳಿದರು. ದೊಡ್ಡಮ್ಮ ನನ್ನ ಕಡೆ ತಿರುಗಿ ಹೇಳಿದರು: “ರಾತ್ರಿ ಮೂರು ಗಂಟೆಗೆ ಎಚ್ಚರ ಆಗ್ತದೆ ಮಗಾ. ಆಮೇಲೆ ಹೆಂಚು ನೋಡ್ತಾ ಮಲಗಿರ್ತೀನಿ. ಒಲೆ ಹಚ್ಚೋಕೂ ಕೈ ಬರಲ್ಲ. ಜಪಸರ ಹಿಡಿದರೆ ಒಂದು ಮಣಿ ದಾಟೋಕೆ ಆಗಲ್ಲ. ದೇವರು ನನ್ನ ಕಡೆಯಿಂದ ಮುಖ ತಿರುಗಿಸಿಕೊಂಡವ್ನೆ ಅನ್ನಿಸ್ತದೆ. ನಾನು ಇದ್ದು ಈ ಮಕ್ಕಳಿಗೆ ಭಾರ.” ಇಷ್ಟು ಹೇಳಲು ಅವರಿಗೆ ಬಹಳ ಹೊತ್ತು ಹಿಡಿಯಿತು. ನಡುನಡುವೆ ನಿಲ್ಲಿಸುತ್ತಿದ್ದರು. ನಾನು ಡಾಕ್ಟರಿಗೆ ಹೇಳಿದ್ದು ಇಷ್ಟು: “ತೂಕ್ಕಂ ವರಲೆ ಸಾರ್, ಪಸಿ ಇಲ್ಲೆ, ಮನಸು ಸರಿಯಿಲ್ಲೆ.”

ಅಷ್ಟನ್ನೂ ತಮಿಳಿನಲ್ಲಿ ಹೇಳಲು ನನಗೆ ಬರುತ್ತಿತ್ತು. ಆದರೂ ಹೇಳಲಿಲ್ಲ. ಹೊರಗೆ ಜನ ಕಾಯುತ್ತಿದ್ದಾರೆ ಎಂಬ ಅವಸರ, ನಮ್ಮ ಮನೆಯ ವಿಷಯ ಇಷ್ಟೆಲ್ಲ ಏಕೆ ಎಂಬ ನಾಚಿಕೆ. ಡಾಕ್ಟರು ಬೆಳಗ್ಗೆಗೆ ಒಂದು, ರಾತ್ರಿಗೆ ಒಂದು ಮಾತ್ರೆ ಬರೆದರು. ಒಳಗೆ ಹೋಗಿ ಬಂದದ್ದು ಐದು ನಿಮಿಷದೊಳಗೆ. ಮೆಟ್ಟಿಲು ಇಳಿಯುವಾಗ ದೊಡ್ಡಮ್ಮ ಕೇಳಿದರು: “ನಾನು ಹೇಳಿದ್ದೆಲ್ಲ ಹೇಳಿದೆಯಾ ಮಗಾ?”

“ಹೇಳಿದೆ ದೊಡ್ಡಮ್ಮ” ಎಂದೆ. ಅದು ಸುಳ್ಳು.

“ನಾನು ಇದ್ದು ಭಾರ” ಎಂಬ ಮಾತು ಡಾಕ್ಟರು ಎಲ್ಲಕ್ಕಿಂತ ಮೊದಲು ಕೇಳಬೇಕಾಗಿದ್ದ ಮಾತು. ಕಾಯಿಲೆ ಎಷ್ಟು ಆಳಕ್ಕೆ ಹೋಗಿದೆ, ಪ್ರಾಣಕ್ಕೆ ಅಪಾಯ ಇದೆಯೇ ಎಂದು ತಿಳಿಯುವುದು ಅಂಥ ಮಾತಿನಿಂದಲೇ. ಅದನ್ನು ನಾನು ನುಂಗಿಬಿಟ್ಟಿದ್ದೆ.

ಈಗ ತಂಗಿಯ ಪ್ರಶ್ನೆಗೆ ಬರೋಣ. ಖಿನ್ನತೆಗೆ ಮಾತ್ರೆ ಕೊಡುವುದು ಹೆಚ್ಚಾಗಿದೆಯೇ? ಮಾತಿನ ಚಿಕಿತ್ಸೆ, ಅಂದರೆ ಆಪ್ತ ಸಮಾಲೋಚನೆ ಹಿಂದೆ ಬಿದ್ದಿದೆಯೇ?

ಈ ಮಾತ್ರೆಗಳಿಗೆ ಇರುವುದು ಸುಮಾರು 70 ವರ್ಷದ ಚರಿತ್ರೆ. 1950ರ ದಶಕದಲ್ಲಿ ಕ್ಷಯರೋಗಕ್ಕೆ ಕೊಟ್ಟ ಒಂದು ಔಷಧಿಯಿಂದ ರೋಗಿಗಳ ಮನಸ್ಸು ಹಗುರವಾದದ್ದನ್ನು ವೈದ್ಯರು ಗಮನಿಸಿದರು. ಅದೇ ದಶಕದಲ್ಲಿ ಸ್ವಿಟ್ಜರ್ಲೆಂಡಿನ ರೋಲಂಡ್ ಕೂನ್ ಎಂಬ ಮನೋವೈದ್ಯರು ಇಮಿಪ್ರಮಿನ್ ಎಂಬ ಔಷಧಿ ಖಿನ್ನತೆಗೆ ಕೆಲಸ ಮಾಡುವುದನ್ನು ಕಂಡು 1957ರಲ್ಲಿ ಪ್ರಕಟಿಸಿದರು. 1987ರಲ್ಲಿ ಅಮೆರಿಕ ಸರ್ಕಾರ ಫ್ಲುಆಕ್ಸೆಟಿನ್ ಮಾತ್ರೆಗೆ ಅನುಮತಿ ಕೊಟ್ಟಿತು. ಹಳೆಯ ಔಷಧಿಗಳಿಗಿಂತ ಅಪಾಯ ಕಡಿಮೆ ಇದ್ದುದರಿಂದ ಸಾಮಾನ್ಯ ವೈದ್ಯರೂ ಇಂಥ ಮಾತ್ರೆಗಳನ್ನು ಧೈರ್ಯವಾಗಿ ಬರೆಯತೊಡಗಿದರು.

ಅಲ್ಲಿಂದ ಅದು ಎಷ್ಟು ಬೆಳೆಯಿತು ಎಂದರೆ, 2022–23ರ ಒಂದೇ ವರ್ಷದಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 86 ಲಕ್ಷ ಜನರಿಗೆ ಈ ಮಾತ್ರೆಗಳನ್ನು ಬರೆಯಲಾಯಿತು. ಆತಂಕಕ್ಕೆ, ನೋವಿಗೆ ಬರೆದದ್ದೂ ಅದರಲ್ಲಿ ಸೇರಿದೆ. ಆದರೂ ಆ ದೇಶದ ಜನಸಂಖ್ಯೆಗೆ ಹೋಲಿಸಿದರೆ ಏಳು ಜನರಲ್ಲಿ ಒಬ್ಬರು ಎಂದಾಯಿತು. ಅಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆಗೆ ಸಲಹೆ ಕೊಡುವ ನೈಸ್ ಸಂಸ್ಥೆ 2022ರಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿತು. ಖಿನ್ನತೆ ತೀವ್ರವಾಗಿಲ್ಲದಿದ್ದರೆ, ರೋಗಿಯೇ ಬಯಸದ ಹೊರತು ಮಾತ್ರೆಯನ್ನು ವಾಡಿಕೆಯಂತೆ ಮೊದಲ ಚಿಕಿತ್ಸೆಯಾಗಿ ಕೊಡಬಾರದು ಎಂದು ಹೇಳಿತು. ಅಂದರೆ ಅಂಥ ದೇಶದಲ್ಲಿ ‘ಹೆಚ್ಚಾಯಿತು’ ಎಂಬ ಮಾತಿಗೆ ಆಧಾರ ಇದೆ.

ಮಾತ್ರೆ ನಿಜವಾಗಿ ಕೆಲಸ ಮಾಡುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. ಬಿಎಸ್ಸಿ ಓದುವಾಗ ನಾನು ಕಲಿತದ್ದು, ಮೆದುಳಿನಲ್ಲಿ ಸೆರೊಟೋನಿನ್ ಕಡಿಮೆಯಾದರೆ ಖಿನ್ನತೆ ಬರುತ್ತದೆ, ಮಾತ್ರೆ ಅದನ್ನು ತುಂಬುತ್ತದೆ ಎಂದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಇದ್ದ ಹಾಗೆ ಎಂದು ಒಮ್ಮೆ ಕೂಟದಲ್ಲೂ ವಿವರಿಸಿದ್ದೆ. ಆ ಹೋಲಿಕೆ ತೀರಾ ಸರಳವಾಯಿತು. 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಾಮರ್ಶೆ, ಖಿನ್ನತೆಗೆ ಸೆರೊಟೋನಿನ್ ಕೊರತೆಯೇ ಕಾರಣ ಎನ್ನಲು ದೃಢವಾದ ಪುರಾವೆ ಇಲ್ಲ ಎಂದು ಹೇಳಿತು. ಹಾಗೆಂದು ಮಾತ್ರೆ ಸುಳ್ಳು ಎಂದಾಗುವುದಿಲ್ಲ. ಹೇಗೆ ಕೆಲಸ ಮಾಡುತ್ತದೆ ಎಂದು ಪೂರ್ತಿ ತಿಳಿಯದಿದ್ದರೂ ಕೆಲಸ ಮಾಡುತ್ತದೆಯೇ ಇಲ್ಲವೇ ಎಂದು ಪರೀಕ್ಷಿಸಬಹುದು. 2018ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ 522 ಪ್ರಯೋಗಗಳನ್ನು, ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು. ಪರೀಕ್ಷಿಸಿದ 21 ಔಷಧಿಗಳೂ, ಔಷಧಿಯೇ ಇಲ್ಲದ ಹುಸಿ ಮಾತ್ರೆಗಿಂತ ಹೆಚ್ಚು ಪರಿಣಾಮ ತೋರಿದವು. ಆದರೆ ಸರಾಸರಿ ವ್ಯತ್ಯಾಸ ದೊಡ್ಡದಲ್ಲ. 2008ರ ಇನ್ನೊಂದು ಅಧ್ಯಯನ, ಖಿನ್ನತೆ ಸೌಮ್ಯವಾಗಿದ್ದಾಗ ಈ ವ್ಯತ್ಯಾಸ ತೀರಾ ಸಣ್ಣದು, ತೀವ್ರವಾದಷ್ಟೂ ಹೆಚ್ಚು ಎಂದು ತೋರಿಸಿತ್ತು. ತೀವ್ರ ಖಿನ್ನತೆಗೆ ಮಾತ್ರೆ, ಮಾತಿನ ಚಿಕಿತ್ಸೆ ಎರಡನ್ನೂ ಸೇರಿಸಿ ಕೊಟ್ಟರೆ ಒಂದನ್ನೇ ಕೊಡುವುದಕ್ಕಿಂತ ಒಳ್ಳೆಯದು ಎಂಬುದನ್ನು ಮನೋವೈದ್ಯರು ಸಾಮಾನ್ಯವಾಗಿ ಒಪ್ಪುತ್ತಾರೆ.

ಇನ್ನು ನಮ್ಮ ದೇಶ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ಕಾಯಿಲೆ ಇರುವ 100 ಜನರಲ್ಲಿ ಸುಮಾರು 85 ಜನರಿಗೆ ಯಾವ ಚಿಕಿತ್ಸೆಯೂ ಸಿಕ್ಕಿರಲಿಲ್ಲ. ಮಾತ್ರೆಯೂ ಇಲ್ಲ, ಮಾತೂ ಇಲ್ಲ. ನಮ್ಮ ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಸಿಗುವುದಿಲ್ಲ. ಹೀಗಿರುವಾಗ ಇಂಗ್ಲೆಂಡಿನ ದೂರನ್ನು ಹಾಗೆಯೇ ತಂದು ಇಲ್ಲಿ ಹೇಳಿದರೆ, ಮಾತ್ರೆ ಬೇಕೇ ಬೇಕಾದವರೂ ಆಸ್ಪತ್ರೆಗೆ ಹೋಗದೆ ಉಳಿಯುತ್ತಾರೆ.

ಆದರೆ ತಂಗಿ ಹೇಳಿದ್ದೂ ಸುಳ್ಳಲ್ಲ. ನಮ್ಮ ಒಂದೇ ಬೀದಿಯಲ್ಲಿ ಎರಡೂ ನಡೆಯುತ್ತಿದೆ. ಗಂಡನ ಕುಡಿತ, ವಾರದ ಕಂತಿನ ಸಾಲ ಇವುಗಳಿಂದ ನಿದ್ದೆ ಕೆಟ್ಟ ಹೆಂಗಸಿಗೆ ಐದು ನಿಮಿಷದಲ್ಲಿ ಮಾತ್ರೆ ಸಿಗುತ್ತದೆ. ನಾಲ್ಕು ಮನೆ ಆಚೆ, ಆರು ತಿಂಗಳಿಂದ ಕೋಣೆಯಿಂದ ಹೊರಗೆ ಬಾರದ ಹುಡುಗನಿಗೆ ದಾರ ಕಟ್ಟಿಸುತ್ತಾರೆ, ಸೋಮಾರಿ ಎಂದು ಬೈಯುತ್ತಾರೆ, ಮದುವೆ ಮಾಡಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಮಾತ್ರೆ ಬೇಡದವರಿಗೆ ಸಿಗುತ್ತಿದೆ, ಬೇಕಾದವರಿಗೆ ಸಿಗುತ್ತಿಲ್ಲ. ಎರಡಕ್ಕೂ ಮುಖ್ಯ ಕಾರಣ ಒಂದೇ. ಯಾರೂ ಕೂತು ಪೂರ್ತಿ ಕೇಳಲಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ ಇದೆ. ಬಿಪಿ ನೋಡಲು ತೋಳಿಗೆ ಪಟ್ಟಿ ಕಟ್ಟುತ್ತಾರೆ. ರೋಗಿ ಒಂದು ಮಾತೂ ಆಡದಿದ್ದರೂ ಅಂಕಿ ಸಿಗುತ್ತದೆ. ಖಿನ್ನತೆಯನ್ನು ಹೀಗೆ ಅಳೆಯುವ ಪರೀಕ್ಷೆ ಯಾವುದೂ ಇಲ್ಲ. ಥೈರಾಯ್ಡ್, ರಕ್ತಹೀನತೆಯಂಥ ಬೇರೆ ಕಾರಣ ಇದೆಯೇ ಎಂದು ನೋಡಲು ರಕ್ತ ತೆಗೆಯಬಹುದು, ಅಷ್ಟೇ. ಖಿನ್ನತೆಯನ್ನು ಅಳೆಯುವುದು ರೋಗಿ ಆಡುವ ಮಾತಿನಿಂದ, ಆಡದೆ ಬಿಟ್ಟ ಮಾತಿನಿಂದ. ಆದ್ದರಿಂದ ‘ಮಾತ್ರೆಯೋ, ಮಾತೋ’ ಎಂದು ಎರಡನ್ನೂ ತಕ್ಕಡಿಯಲ್ಲಿ ಇಟ್ಟು ನೋಡುವುದೇ ಸರಿಯಲ್ಲ ಎಂದು ನನಗೆ ಅನ್ನಿಸುತ್ತದೆ. ಮಾತು ಕೇಳದೆ ಮಾತ್ರೆ ಬೇಕೋ ಬೇಡವೋ ಎಂದು ತಿಳಿಯುವುದೇ ಇಲ್ಲ. ಕೇಳಿಸಿಕೊಂಡು ಕೊಟ್ಟ ಮಾತ್ರೆಯೂ, ಕೇಳಿಸಿಕೊಳ್ಳದೆ ಕೊಟ್ಟ ಮಾತ್ರೆಯೂ ಅಂಗಡಿಯಲ್ಲಿ ಒಂದೇ. ನ್ಯಾಯದ ದೃಷ್ಟಿಯಲ್ಲಿ ಒಂದೇ ಅಲ್ಲ.

ನಮ್ಮಂಥ ಗಡಿಯ ಕನ್ನಡದವರ ಕಷ್ಟ ಇರುವುದು ಇಲ್ಲೇ. ಮಾತ್ರೆಗೆ ಭಾಷೆ ಬೇಡ. ನೀರು ಕುಡಿದು ನುಂಗಿದರೆ ಅದು ತಮಿಳರಿಗೂ ತೆಲುಗರಿಗೂ ಕನ್ನಡದವರಿಗೂ ಒಂದೇ ರೀತಿ ಕೆಲಸ ಮಾಡುತ್ತದೆ. ಮಾತಿಗೆ ಭಾಷೆ ಬೇಕು. ಕೇಳುವವರ ಭಾಷೆ ಬೇರೆಯಾದಾಗ ಕೈಗೆ ಮೊದಲು ಸಿಗುವುದು ಮಾತ್ರೆಯೇ. ಇದು ಯಾರ ದ್ವೇಷದಿಂದಲೂ ಆದದ್ದಲ್ಲ. ತಮಿಳು ಅಣ್ಣತಮ್ಮಂದಿರ ಜೊತೆ ನಾವು ಒಂದೇ ದೇವಾಲಯದಲ್ಲಿ ಪ್ರಾರ್ಥಿಸುತ್ತೇವೆ, ಒಂದೇ ಅನ್ಬಿಯಂನಲ್ಲಿ ಕೂರುತ್ತೇವೆ. ಆದರೆ ಅಲ್ಪಸಂಖ್ಯಾತರ ಭಾಷೆಯಲ್ಲಿ ಆಡಿದ ಸಂಕಟ ಅರ್ಧ ದಾರಿಯಲ್ಲೇ ಉಳಿಯುತ್ತದೆ ಎಂಬುದನ್ನು ನಾನು ಆ ಐದು ನಿಮಿಷದಲ್ಲಿ ಕಂಡೆ. ಅದನ್ನು ಅರ್ಧಕ್ಕೆ ನಿಲ್ಲಿಸಿದವರು ಡಾಕ್ಟರಲ್ಲ, ಕನ್ನಡದ ನಾನೇ.

ಕನ್ನಡದಲ್ಲಿ ಪೂಜೆ ಬೇಕು ಎಂದು ನಮ್ಮ ಹಿರಿಯರು ಎಷ್ಟು ಕೇಳಿಕೊಂಡರು ಎಂಬುದು ನಿಮಗೆಲ್ಲ ಗೊತ್ತು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ದೈವಾರಾಧನೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಜನ ಏನು ಹೇಳುತ್ತಿದ್ದೇವೆ, ಏನು ಕೇಳುತ್ತಿದ್ದೇವೆ ಎಂದು ತಿಳಿದು ಭಾಗವಹಿಸಬೇಕು ಎಂಬುದು ಅದರ ಆಶಯ. ಪವಿತ್ರಾತ್ಮರು ಇಳಿದುಬಂದ ಪೆಂತೆಕೋಸ್ತ್ ದಿನ ಜೆರುಸಲೇಮಿನಲ್ಲಿ ಸೇರಿದ್ದ ಹಲವು ದೇಶದವರು ತಮ್ಮ ತಮ್ಮ ಭಾಷೆಯಲ್ಲೇ ಶುಭಸಂದೇಶ ಕೇಳಿದರು. ದೇವರಿಗೆ ಹೊಗಳಿಕೆ ಸಲ್ಲಿಸಲು ಸ್ವಂತ ಭಾಷೆ ಬೇಕು ಎನ್ನುವ ನಾವು, ಸಂಕಟ ಹೇಳಿಕೊಳ್ಳಲು ಮಾತ್ರ ಪರಭಾಷೆಯ ಮೂರು ಪದ ಸಾಕು ಎನ್ನಬಹುದೇ? ನಮ್ಮ ದೇಶದ ಕಾನೂನೂ ಈ ಕಡೆಗೇ ಇದೆ. 2017ರ ಮಾನಸಿಕ ಆರೋಗ್ಯ ಕಾಯಿದೆ, ರೋಗಿಗೆ ತನ್ನ ಕಾಯಿಲೆ ಮತ್ತು ಚಿಕಿತ್ಸೆಯ ವಿವರ ತನಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಯುವ ಹಕ್ಕು ಇದೆ ಎಂದು ಹೇಳುತ್ತದೆ.

ಮತ್ತೆ ದೊಡ್ಡಮ್ಮನ ವಿಷಯಕ್ಕೆ ಬರುತ್ತೇನೆ. ಮೂರು ನಾಲ್ಕು ವಾರದಲ್ಲಿ ಅವರಿಗೆ ನಿದ್ದೆ ಬಂತು, ಊಟ ಸೇರಿತು. ಈ ಮಾತ್ರೆಗಳು ತಲೆನೋವಿನ ಮಾತ್ರೆಯಂತೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ, ಕೆಲವು ವಾರ ಬೇಕು. ಹತ್ತು ದಿನ ನುಂಗಿ ಏನೂ ಆಗಲಿಲ್ಲ ಎಂದು ಬಿಡುವವರು ಬಹಳ. ದೊಡ್ಡಮ್ಮ ಬಿಡಲಿಲ್ಲ, ಪೂಜೆಗೂ ಬರತೊಡಗಿದರು. ಆಗ ನೆಂಟರೊಬ್ಬರು, “ಮಾತ್ರೆ ನುಂಗೋದು ಅಂದರೆ ವಿಶ್ವಾಸ ಇಲ್ಲ ಅಂತ ಅರ್ಥ. ಮಾತೆಯ ಪಾದದಲ್ಲಿ ಇಟ್ಟುಬಿಡು” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ದೊಡ್ಡಮ್ಮ ಯಾರಿಗೂ ಹೇಳದೆ ಎರಡೂ ಮಾತ್ರೆಗಳನ್ನು ಒಮ್ಮೆಗೇ ನಿಲ್ಲಿಸಿದರು. ನಾಲ್ಕೇ ದಿನದಲ್ಲಿ ತಲೆ ಸುತ್ತು, ವಾಕರಿಕೆ, ತಲೆಯೊಳಗೆ ಕರೆಂಟ್ ಹೊಡೆದಂತೆ ಆಗುವುದು ಶುರುವಾಯಿತು. ಕೆಲವು ವಾರಕ್ಕೆ ಹಳೆಯ ಕತ್ತಲೆಯೂ ತಿರುಗಿ ಬಂತು.

ಆದ್ದರಿಂದ ಕೂಟದಲ್ಲಿ ಎದ್ದ ‘ಸಾಯೋವರೆಗೂ ಬಿಡೋಕಾಗಲ್ಲ’ ಎಂಬ ಮಾತಿಗೂ ಇಲ್ಲಿ ಉತ್ತರ ಹೇಳಬೇಕು. ಖಿನ್ನತೆಯ ಮಾತ್ರೆ ಬೇರೆ, ನಿದ್ದೆಗೆ ಅಥವಾ ಗಾಬರಿಗೆ ಕೊಡುವ ಅಲ್ಪ್ರಾಜೋಲಾಂ, ಕ್ಲೊನಾಜೆಪಾಂನಂಥ ಮಾತ್ರೆ ಬೇರೆ. ಎರಡನೆಯದು ದಿನ ಕಳೆದಂತೆ ಚಟ ಹಿಡಿಸಬಲ್ಲದು. ನಮ್ಮಲ್ಲಿ ಎರಡನ್ನೂ ಒಟ್ಟಿಗೆ ಬರೆಯುವುದು ಸಾಮಾನ್ಯವಾದ್ದರಿಂದ ಯಾವುದು ಯಾವುದಕ್ಕೆ, ಎಷ್ಟು ದಿನಕ್ಕೆ ಎಂದು ಡಾಕ್ಟರನ್ನು ಕೇಳಿಕೊಳ್ಳಬೇಕು. ಖಿನ್ನತೆಯ ಮಾತ್ರೆ ಅಮಲು ತರುವುದಿಲ್ಲ. ಆದರೆ ಅದನ್ನೂ ಥಟ್ಟನೆ ನಿಲ್ಲಿಸಿದರೆ ದೇಹ ತೊಂದರೆ ಕೊಡಬಹುದು. ಡಾಕ್ಟರ ಸಲಹೆಯಂತೆ ನಿಧಾನವಾಗಿ ಇಳಿಸುತ್ತಾ ಬಂದರೆ ಬಹಳ ಜನ ಬಿಟ್ಟಿದ್ದಾರೆ. 25 ವರ್ಷದೊಳಗಿನವರಲ್ಲಿ ಮಾತ್ರೆ ಶುರು ಮಾಡಿದ ಮೊದಲ ವಾರಗಳಲ್ಲಿ ಕೆಲವರಿಗೆ ಸಾಯುವ ಯೋಚನೆ ಹೆಚ್ಚಾಗಬಹುದು ಎಂದು ಅಮೆರಿಕದ ಔಷಧಿ ಇಲಾಖೆ 2007ರಿಂದ ಎಚ್ಚರಿಕೆ ಕೊಡುತ್ತಾ ಬಂದಿದೆ. ಆದ್ದರಿಂದ ಹುಡುಗ ಹುಡುಗಿಯರಿಗೆ ಮಾತ್ರೆ ಶುರುವಾದರೆ ಮನೆಯವರು ಹತ್ತಿರ ಇದ್ದು ನೋಡಿಕೊಳ್ಳಬೇಕು. ಹೆದರಿ ನಿಲ್ಲಿಸಬೇಕು ಎಂದಲ್ಲ.

ವಿಶ್ವಾಸ ಇದ್ದರೆ ಮಾತ್ರೆ ಬೇಡ ಎನ್ನುವವರಿಗೆ ನಮ್ಮ ಬೈಬಲ್ ಏನು ಹೇಳುತ್ತದೆ? ಸಿರಾಖನ ಗ್ರಂಥದ 38ನೇ ಅಧ್ಯಾಯ ತೆಗೆದು ನೋಡಿ. ವೈದ್ಯರನ್ನು ಗೌರವಿಸಬೇಕು, ಔಷಧಿ ದೇವರೇ ಭೂಮಿಯಿಂದ ಉಂಟುಮಾಡಿದ್ದು, ಬುದ್ಧಿವಂತರು ಅದನ್ನು ತಳ್ಳಿಹಾಕುವುದಿಲ್ಲ ಎಂಬುದು ಅಲ್ಲಿನ ಸಾರ. ಅದೇ ಅಧ್ಯಾಯ, ಕಾಯಿಲೆ ಬಂದಾಗ ಪ್ರಾರ್ಥನೆ ಮಾಡು, ವೈದ್ಯರಿಗೂ ಜಾಗ ಕೊಡು ಎಂದು ಎರಡನ್ನೂ ಹೇಳುತ್ತದೆ.

ಅದಕ್ಕಿಂತಲೂ ನನಗೆ ಹತ್ತಿರವಾದದ್ದು ಪ್ರವಾದಿ ಎಲೀಯನ ಪ್ರಸಂಗ. ಅರಸುಗಳ ಮೊದಲನೆಯ ಗ್ರಂಥದ 19ನೇ ಅಧ್ಯಾಯದಲ್ಲಿದೆ. ದೇವರಿಗಾಗಿ ಅಷ್ಟೆಲ್ಲ ದುಡಿದವನು ಅಡವಿಗೆ ಓಡಿಹೋಗಿ, ಒಂದು ಗಿಡದ ಕೆಳಗೆ ಕೂತು, ಸಾಕಾಯಿತು, ನನ್ನ ಪ್ರಾಣ ತೆಗೆದುಕೋ ಎಂದು ಬೇಡುತ್ತಾನೆ. ಅವನ ವಿಶ್ವಾಸ ಕಡಿಮೆಯಾಯಿತು ಎಂದು ದೇವದೂತ ಬೈಯಲಿಲ್ಲ. ಬೋಧನೆಯನ್ನೂ ಮಾಡಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲವೂ ಬಂದು ಎಬ್ಬಿಸಿ ಉಣಿಸಿದ. ದೇಹಕ್ಕೆ ಶಕ್ತಿ ಬಂದ ಮೇಲೆ ಎಲೀಯ ಹೋರೇಬ್ ಬೆಟ್ಟಕ್ಕೆ ನಡೆದ. ಅಲ್ಲಿ ದೇವರು, ಇಲ್ಲಿ ಏನು ಮಾಡುತ್ತಿದ್ದೀಯ ಎಂದು ಕೇಳಿದರು. ಅವನು ತನ್ನ ದುಃಖವನ್ನೆಲ್ಲ ಹೇಳಿದ. ದೇವರು ಇನ್ನೊಮ್ಮೆ ಅದೇ ಪ್ರಶ್ನೆ ಕೇಳಿದರು. ಅವನು ಮತ್ತೆ ಅದನ್ನೇ ಹೇಳಿದ. ದೇವರು ಎರಡು ಸಲವೂ ಪೂರ್ತಿ ಕೇಳಿದರು. ಆಮೇಲೆ ಅವನ ಜೊತೆಗೆ ಎಲೀಷನನ್ನು ಕೊಟ್ಟರು. ಮೊದಲು ದೇಹಕ್ಕೆ ಬೇಕಾದದ್ದು, ಆಮೇಲೆ ಕೇಳಿಸಿಕೊಳ್ಳುವುದು, ಕೊನೆಗೆ ಒಬ್ಬ ಜೊತೆಗಾರ. ಇವುಗಳಲ್ಲಿ ಒಂದು ಸಾಕು, ಉಳಿದದ್ದು ಬೇಡ ಎಂದು ದೇವರು ಹೇಳಲಿಲ್ಲ.

ಜಗದ್ಗುರು ಫ್ರಾನ್ಸಿಸ್‌ರವರು ತಾವು 42ನೇ ವಯಸ್ಸಿನಲ್ಲಿ ಆರು ತಿಂಗಳ ಕಾಲ ವಾರಕ್ಕೊಮ್ಮೆ ಒಬ್ಬ ಮನೋವಿಶ್ಲೇಷಕಿಯ ಬಳಿ ಹೋಗುತ್ತಿದ್ದುದನ್ನು 2017ರಲ್ಲಿ ಹೊರಬಂದ ಸಂದರ್ಶನ ಗ್ರಂಥದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದರು. ಆಗ ಅವರು ಯೇಸುಸಭೆಯ ಗುರುಗಳು. ಪಾಪನಿವೇದನೆ ಮಾಡುವುದು, ಬೇರೆಯವರ ಪಾಪನಿವೇದನೆ ಕೇಳುವುದು ಎರಡೂ ಅವರಿಗೆ ದಿನನಿತ್ಯದ್ದು. ಆದರೂ ಅದು ಬೇರೆ, ಇದು ಬೇರೆ ಎಂದು ತಿಳಿದಿದ್ದರು. ನಾವು ಕೆಲವೊಮ್ಮೆ ಎರಡನ್ನೂ ಒಂದು ಮಾಡಿಬಿಡುತ್ತೇವೆ. ಪಾಪನಿವೇದನೆಯಲ್ಲಿ ಕ್ಷಮೆ ಸಿಗುತ್ತದೆ. ಖಿನ್ನತೆ ಪಾಪವಲ್ಲ, ಅದಕ್ಕೆ ಬೇಕಾದದ್ದು ಕ್ಷಮೆಯಲ್ಲ.

ಎರಡನೇ ಸಲ ದೊಡ್ಡಮ್ಮನ ಜೊತೆ ಅದೇ ಡಾಕ್ಟರ ಹತ್ತಿರ ಹೋದೆ. ಈ ಸಲ ಅವರು ಹೇಳಿದ್ದನ್ನೆಲ್ಲ ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೆ. ಹೆಂಚು, ಒಲೆ, ಜಪಸರ, ದೇವರು, ಭಾರ, ಯಾವುದನ್ನೂ ಬಿಡದೆ ತಮಿಳಿನಲ್ಲಿ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. “ಇದನ್ನು ಆವತ್ತೇ ಏಕೆ ಹೇಳಲಿಲ್ಲ?” ಎಂದು ಕೇಳಿದರು. ಉತ್ತರ ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಅವರು ದೊಡ್ಡಮ್ಮನನ್ನು ಇನ್ನೂ ಕೆಲವು ಪ್ರಶ್ನೆ ಕೇಳಿದರು, ಮಗನಿಗೆ ಫೋನ್ ಮಾಡಿಸಿದರು, ಬೆಂಗಳೂರಿನ ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ಮಾತ್ರೆಯನ್ನು ಸರಿಮಾಡಿದರು, ಜೊತೆಗೆ ಕನ್ನಡದಲ್ಲಿ ಮಾತಾಡುವ ಆಪ್ತ ಸಮಾಲೋಚಕಿಯೊಬ್ಬರು ಸಿಕ್ಕರು. ಎಂಟು ಸಲ ಹೋಗಿ ಬಂದೆವು. ಒಳಗೆ ಏನು ಮಾತಾಡಿದರೋ ನನಗೆ ತಿಳಿಯದು. ನಾನು ಹೊರಗೆ ಕೂತಿರುತ್ತಿದ್ದೆ. ನನ್ನ ಬಾಯಿಯ ಅಗತ್ಯ ಇರಲಿಲ್ಲ.

ಮಾತಿನಿಂದ ಗುಣವಾಯಿತೇ ದೊಡ್ಡಮ್ಮ ಎಂದು ಒಂದು ದಿನ ಬಸ್ಸಿನಲ್ಲಿ ಕೇಳಿದೆ. ಹೌದು ಎನ್ನುತ್ತಾರೆ ಎಂದುಕೊಂಡಿದ್ದೆ. “ಆ ಮಾತ್ರೆ ತಗೊಂಡ ಮೇಲೆ ತಾನೇ ಮಗಾ, ಮಾತಾಡೋಕೆ ನನಗೆ ಶಕ್ತಿ ಬಂದಿದ್ದು” ಎಂದರು.

ಮಾತಿನ ಚಿಕಿತ್ಸೆ ಬಡವರಿಗೆ ಎಲ್ಲಿ ಸಿಗುತ್ತದೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಖಾಸಗಿಯಾಗಿ ಒಂದು ಸಲ ಹೋದರೆ ಒಂದು ದಿನದ ಕೂಲಿಗಿಂತ ಹೆಚ್ಚು ಹಣ ಬೇಕು, ಮಾತ್ರೆಗಾದರೆ ದಿನಕ್ಕೆ ಕೆಲವೇ ರೂಪಾಯಿ. ಆದರೆ ಗೋವಾದಲ್ಲಿ ನಡೆದದ್ದನ್ನು ಕೇಳಿ. ಅಲ್ಲಿನ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಒಂದು ಪ್ರಯೋಗ ನಡೆಸಿದರು. ಮನೋವೈದ್ಯ ಶಾಸ್ತ್ರ ಓದದ ಸ್ಥಳೀಯರಿಗೇ ತರಬೇತಿ ಕೊಟ್ಟು, ತೀವ್ರ ಖಿನ್ನತೆ ಇದ್ದವರ ಜೊತೆ ಆರರಿಂದ ಎಂಟು ಸಲ ಕೂತು ಮಾತಾಡುವಂತೆ ಮಾಡಿದರು. ಬಿಟ್ಟುಹೋದ ಕೆಲಸಗಳನ್ನು ಸ್ವಲ್ಪ ಸ್ವಲ್ಪವಾಗಿ ಮತ್ತೆ ಹಿಡಿಯುವುದು, ಎದುರಿನ ಸಮಸ್ಯೆಗೆ ದಾರಿ ಹುಡುಕುವುದು, ಇಂಥವೇ ಆ ಮಾತು. ಮೂರು ತಿಂಗಳ ನಂತರ ನೋಡಿದಾಗ ಹೀಗೆ ಮಾತಾಡಿದವರಲ್ಲಿ 100ಕ್ಕೆ 64 ಜನ ಖಿನ್ನತೆಯಿಂದ ಹೊರಬಂದಿದ್ದರು. ಎಂದಿನ ಚಿಕಿತ್ಸೆ ಮಾತ್ರ ಪಡೆದವರಲ್ಲಿ 39 ಜನ. ಈ ಫಲಿತಾಂಶ 2016ರ ಕೊನೆಯಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಕೂತು ಕೇಳುವುದು ದೊಡ್ಡ ಪಟ್ಟಣದ ಶ್ರೀಮಂತರಿಗೆ ಮಾತ್ರ ಎಂಬ ಮಾತು ಇದರಿಂದ ಸುಳ್ಳಾಯಿತು.

ಹಾಗೆಂದು ನಾಳೆಯಿಂದ ಧರ್ಮಕೇಂದ್ರದಲ್ಲಿ ನಾವೇ ಚಿಕಿತ್ಸೆ ಶುರು ಮಾಡುವುದಲ್ಲ. ಅವರಿಗೆ ತರಬೇತಿ ಇತ್ತು, ಮೇಲೆ ನೋಡಿಕೊಳ್ಳುವವರಿದ್ದರು, ಕೇಳಿದ್ದನ್ನು ಹೊರಗೆ ಹೇಳುತ್ತಿರಲಿಲ್ಲ. ನಮ್ಮಲ್ಲಿ ಪೂಜೆಯ ನಂತರ ಒಬ್ಬರ ಕಿವಿಯಲ್ಲಿ ಹೇಳಿದ್ದು ಸಂಜೆಗೆ ಮೂರು ಬೀದಿ ಸುತ್ತುತ್ತದೆ. ನಮ್ಮಿಂದ ಆಗಬಹುದಾದದ್ದು ಇಷ್ಟು ಎಂದು ನನಗೆ ತೋಚುತ್ತದೆ. ತಮಿಳು ಚೆನ್ನಾಗಿ ಬರುವ ಯುವಜನರು, ಬಾರದ ಹಿರಿಯರ ಜೊತೆ ಆಸ್ಪತ್ರೆಗೆ ಹೋಗೋಣ, ಅವರ ಮಾತನ್ನು ಕಡಿಮೆ ಮಾಡದೆ, ಸೇರಿಸದೆ ಹೇಳೋಣ, ಬಂದ ಮೇಲೆ ಮರೆತುಬಿಡೋಣ. ಡಾಕ್ಟರಲ್ಲದ ನಾವು ಯಾರಿಗೂ ಮಾತ್ರೆ ನಿಲ್ಲಿಸು ಎಂದು ಹೇಳದಿರೋಣ. ಟೆಲಿ-ಮಾನಸ್ ಎಂಬ ಉಚಿತ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ 14416ಕ್ಕೆ ಕರೆ ಮಾಡಬಹುದು. ಸೇವೆ ಸಿಗುವ 20 ಭಾಷೆಗಳಲ್ಲಿ ಕನ್ನಡವೂ ಒಂದು. ಈ ನಂಬರನ್ನು ದೇವಾಲಯದ ಬಾಗಿಲ ಬಳಿ ಅಂಟಿಸಲು ಫಾದರ್ ಒಪ್ಪಿದ್ದಾರೆ. ನಿಮ್ಹಾನ್ಸ್ ಇರುವುದು ನಮ್ಮ ಊರಿನ ಹೆಸರನ್ನೇ ಹೊತ್ತ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ, ಬಸ್ಸಿನ ದಾರಿಯಲ್ಲೇ. ಇನ್ನೊಂದು ಮಾತು. ಸಾಲಕ್ಕೆ, ಹೊಡೆತಕ್ಕೆ, ಬಿಡುವಿಲ್ಲದ ನೈಟ್ ಶಿಫ್ಟಿಗೆ ಮಾತ್ರೆಯೂ ಇಲ್ಲ, ಸಮಾಲೋಚನೆಯೂ ಸಾಲದು. ಅಲ್ಲಿ ವಿನ್ಸೆಂಟ್ ಡಿ ಪಾಲ್ ಸಭೆಯವರು, ಅನ್ಬಿಯಂನವರು, ನಾವೆಲ್ಲರೂ ಕೈ ಹಾಕಬೇಕು. ಅನ್ಯಾಯದಿಂದ ಬಂದ ಕಣ್ಣೀರನ್ನು ಕಾಯಿಲೆ ಎಂದು ಕರೆದು ಮಾತ್ರೆ ಕೊಟ್ಟು ಮಲಗಿಸಿದರೆ ಅದು ಚಿಕಿತ್ಸೆಯಲ್ಲ.

ತಂಗಿ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು. ನಮ್ಮಲ್ಲಿ ಮಾತ್ರೆ ಹೆಚ್ಚಾಗಿದೆ ಎನ್ನುವುದಕ್ಕಿಂತ ಕೇಳಿಸಿಕೊಳ್ಳುವುದು ಕಡಿಮೆಯಾಗಿದೆ. ಅದನ್ನು ಹೆಚ್ಚಿಸಿದರೆ ಮಾತ್ರೆ ಬೇಕಾದವರಿಗೆ ಮಾತ್ರೆ ಸಿಗುತ್ತದೆ, ಬೇಡದವರಿಗೆ ತಪ್ಪುತ್ತದೆ. ಆ ಕೆಲಸ ಡಾಕ್ಟರ ಕೋಣೆಯಲ್ಲಿ ಅಲ್ಲ, ಅದಕ್ಕೂ ಮೊದಲು ನಮ್ಮ ಮನೆಯ ಜಗಲಿಯಲ್ಲಿ ಶುರುವಾಗಬೇಕು.

ದೊಡ್ಡಮ್ಮನಿಗೆ ನಾನು ಹೇಳಿದ ಸುಳ್ಳನ್ನು ಅವರ ಮುಂದೆ ಒಪ್ಪಿಕೊಂಡೆ. ಅವರು ನಕ್ಕು, “ನನಗೆ ಆವತ್ತೇ ಗೊತ್ತಾಯ್ತು ಮಗಾ. ನಾನು ಅಷ್ಟುದ್ದ ಹೇಳಿದ್ದು ತಮಿಳಲ್ಲಿ ಇಷ್ಟು ಚಿಕ್ಕದಾಗೋಕೆ ಆಗ್ತದಾ?” ಎಂದರು. ಈಗ ಪ್ರತಿ ಭಾನುವಾರ ಕನ್ನಡ ಪೂಜೆಯಲ್ಲಿ ಎರಡನೇ ಸಾಲಿನಲ್ಲಿ ಕೂರುತ್ತಾರೆ. ಬೆಳಗಿನ ಮಾತ್ರೆ ಈಗಲೂ ಇದೆ, ಅದನ್ನು ನಿಧಾನವಾಗಿ ಇಳಿಸುತ್ತಿದ್ದಾರೆ. ಜಪಸರ ಪೂರ್ತಿ ಮುಗಿಸುತ್ತಾರೆ.